ಕಾಲಯಾನದ ಕಥೆಗೆ ಟ್ಯೂಡರ್ ಇಂಗ್ಲೆಂಡಿನ ಯಾವ ವರ್ಷ? ಕಥೆಗಾರರಿಗೊಂದು ಹೋಲಿಕೆ

1540ರ ಜುಲೈ 30ರಂದು ಲಂಡನ್ನಿನ ಸ್ಮಿತ್‌ಫೀಲ್ಡ್ ಬಯಲಿಗೆ ಆರು ಜನರನ್ನು ಎಳೆದು ತಂದರು. ರಾಬರ್ಟ್ ಬಾರ್ನ್ಸ್, ಥಾಮಸ್ ಗ್ಯಾರೆಟ್, ವಿಲಿಯಂ ಜೆರೋಮ್ ಚರ್ಚಿನ ಸುಧಾರಣೆಯ (ಪ್ರಾಟೆಸ್ಟಂಟ್) ಕಡೆಯವರು, ಅವರನ್ನು ಸುಟ್ಟರು. ಥಾಮಸ್ ಏಬಲ್, ಎಡ್ವರ್ಡ್ ಪೊವೆಲ್, ರಿಚರ್ಡ್ ಫೆದರ್‌ಸ್ಟೋನ್ ಪೋಪನ ಕಡೆಯವರು. ಅವರನ್ನು ನೇಣಿಗೆ ಹಾಕಿ, ಜೀವ ಇರುವಾಗಲೇ ಇಳಿಸಿ, ಹೊಟ್ಟೆ ಸೀಳಿದರು. ಒಂದೇ ದಿನ, ಒಂದೇ ಬಯಲು, ಒಬ್ಬನೇ ರಾಜ: ಟ್ಯೂಡರ್ ವಂಶದ ಎಂಟನೇ ಹೆನ್ರಿ. ‘ಕೊನೆಗೆ ಗೆಲ್ಲುವ ಪಕ್ಷ ಯಾವುದೆಂದು ನನ್ನ ಪಾತ್ರಕ್ಕೆ ಗೊತ್ತಲ್ಲ, ಹೇಗೋ ಬಚಾವಾಗುತ್ತದೆ’ ಎಂದುಕೊಂಡು ಕಥೆ ಶುರುಮಾಡುವವರು ಮೊದಲು ಈ ದಿನವನ್ನು ಓದಿಕೊಳ್ಳಬೇಕು.

1534ರಿಂದ 1559ರವರೆಗಿನ 25 ವರ್ಷಗಳಲ್ಲಿ ಇಂಗ್ಲೆಂಡ್ ಪೋಪನನ್ನು ಬಿಟ್ಟಿತು, ಆಮೇಲೆ ಲ್ಯಾಟಿನ್ ಪೂಜೆಯನ್ನೂ ಬಿಟ್ಟಿತು, ಎರಡನ್ನೂ ವಾಪಸ್ ತಂದುಕೊಂಡಿತು, ಮತ್ತೆ ಎರಡನ್ನೂ ಬಿಟ್ಟಿತು. ಹಾಗಾಗಿ ಇಸವಿ ಆರಿಸುವುದೆಂದರೆ ನಿಮ್ಮ ಕಾಲಯಾನಿಗೆ ಯಾವ ಪ್ರಶ್ನೆ ಎದುರಾಗಬೇಕು ಎಂದು ಆರಿಸಿದಂತೆ. ಎಂಟನೇ ಹೆನ್ರಿಯ ಕಾಲದ ಪ್ರಶ್ನೆ: ಚರ್ಚಿಗೆ ಒಡೆಯ ಯಾರು? ಆರನೇ ಎಡ್ವರ್ಡನ ಕಾಲದ್ದು: ಯಾವ ಪುಸ್ತಕ, ಯಾವ ಭಾಷೆ? ಮೇರಿಯ ಕಾಲದ್ದು: ಪೂಜೆಯಲ್ಲಿ ಆ ರೊಟ್ಟಿ ಏನಾಗುತ್ತದೆ? ಎಲಿಜಬೆತ್ ರಾಣಿಯ ಕಾಲದ್ದು: ನಿನ್ನ ಮನೆಯೊಳಗೆ ಯಾರಿದ್ದಾರೆ? ಒಂದಕ್ಕೆ ಜೀವ ಉಳಿಸುವ ಉತ್ತರ ಇನ್ನೊಂದರಲ್ಲಿ ಜೀವ ತೆಗೆಯುತ್ತದೆ.

ಮೊದಲು ತಾರೀಖಿನ ಲೆಕ್ಕ

ಈ ಕಾಲದ ಕಥೆಗಳು ಹೆಚ್ಚಾಗಿ ಎಡವುವುದು ಇಲ್ಲೇ. ಆಗ ಇಂಗ್ಲೆಂಡಿನ ಕಾಗದಪತ್ರಗಳಲ್ಲಿ ಇಸವಿ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ. ಜನವರಿ 1ಕ್ಕೆ ಉಡುಗೊರೆ ಕೊಟ್ಟು ಹೊಸ ವರ್ಷ ಎನ್ನುತ್ತಿದ್ದರು, ಆದರೆ ದಫ್ತರದಲ್ಲಿ ಹಳೆಯ ಇಸವಿಯೇ ಇನ್ನೂ ಮೂರು ತಿಂಗಳು ನಡೆಯುತ್ತಿತ್ತು. ಮೇರಿಯ ಕಾಲದಲ್ಲಿ ಮೊದಲು ಸುಟ್ಟದ್ದು ಜಾನ್ ರೋಜರ್ಸ್ ಅವರನ್ನು. ನಮ್ಮ ಪುಸ್ತಕಗಳಲ್ಲಿ ಅದು 1555ರ ಫೆಬ್ರವರಿ 4. ಅಂದಿನ ಗುಮಾಸ್ತನ ಕೈಬರಹದಲ್ಲಿ 1554. ನಿಮ್ಮ ಪಾತ್ರ ಗೋಡೆಯ ಮೇಲಿನ ರಾಜಾಜ್ಞೆ ಓದಿ ‘ಇನ್ನೂ ಒಂದು ವರ್ಷ ಟೈಮಿದೆ’ ಎಂದು ನಿಟ್ಟುಸಿರು ಬಿಟ್ಟರೆ ಅಲ್ಲೇ ಒಂದು ಅಧ್ಯಾಯ ಸಿಕ್ಕಿತು.

ಇದರ ಮೇಲೆ 10 ದಿನಗಳ ವ್ಯತ್ಯಾಸ ಬೇರೆ. ಪೋಪ್ 1582ರಲ್ಲಿ ಪಂಚಾಂಗ ತಿದ್ದಿದರು, ಇಂಗ್ಲೆಂಡ್ ಒಪ್ಪಲಿಲ್ಲ. ಯಾರ್ಕ್ ಪಟ್ಟಣದ ಮಾರ್ಗರೆಟ್ ಕ್ಲಿದರೋ ಅವರನ್ನು 1586ರ ಮಾರ್ಚ್ 25ರಂದು ಕೊಂದರು. ಗುಡ್ ಫ್ರೈಡೇಯ ದಿನ ಎಂದು ಹಲವೆಡೆ ಬರೆದಿರುತ್ತಾರೆ. ರೋಮಿನ ಹೊಸ ಲೆಕ್ಕದಲ್ಲಿ ಆ ದಿನ ಏಪ್ರಿಲ್ 4, ಗುಡ್ ಫ್ರೈಡೇ ಹೌದು. ಯಾರ್ಕಿನ ಲೆಕ್ಕದಲ್ಲಿ ಅಲ್ಲ. ಅಲ್ಲಿ ಗುಡ್ ಫ್ರೈಡೇ ಇನ್ನೂ ಒಂದು ವಾರದಾಚೆ, ಏಪ್ರಿಲ್ 1ಕ್ಕೆ. ಯಂತ್ರಕ್ಕೆ ಯಾವ ಪಂಚಾಂಗದ ತಾರೀಖು ಒತ್ತುತ್ತೀರಿ ಎಂಬುದನ್ನು ಮೊದಲ ಪುಟದಲ್ಲೇ ತೀರ್ಮಾನಿಸಿಕೊಳ್ಳಿ.

1536: ಎರಡು ಆಣೆಗಳ ನಡುವೆ

ಹೆನ್ರಿಯ ಕಾಲವೆಂದರೆ ಹೆಚ್ಚಿನವರು ಆತನ ಆರು ಹೆಂಡಿರ ಸುತ್ತಲೇ ಗಿರಕಿ ಹೊಡೆಯುತ್ತಾರೆ. ಅರಮನೆ ಬಿಟ್ಟು ಹೊರಗೆ ಬನ್ನಿ. 1534ರ ನವೆಂಬರಿನಲ್ಲಿ ಪಾರ್ಲಿಮೆಂಟು ರಾಜನನ್ನೇ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥ ಎಂದಿತು. ಅದರ ಬೆನ್ನಿಗೇ ಬಂದ ರಾಜದ್ರೋಹದ ಕಾನೂನು 1535ರ ಫೆಬ್ರವರಿಯಿಂದ ಬರೀ ಮಾತನ್ನೂ ಅಪರಾಧ ಮಾಡಿತು: ರಾಜನನ್ನು ಪಾಷಂಡಿ (ಚರ್ಚಿನ ಮತ ಒಪ್ಪದವ), ನಿರಂಕುಶ ಎಂದು ಹೆಂಡದಂಗಡಿಯಲ್ಲಿ ಅಂದರೂ ಮರಣದಂಡನೆ. ಸುಮ್ಮನಿದ್ದರೆ ಉಳಿಯಬಹುದು ಎಂದು ಥಾಮಸ್ ಮೋರ್ ಲೆಕ್ಕ ಹಾಕಿದ್ದರು, ಅವರೇ ದೊಡ್ಡ ವಕೀಲರು. ಸೆರೆಮನೆಯಲ್ಲಿ ಅವರಾಡಿದ ಮಾತೆಂದು ರಾಜನ ವಕೀಲ ರಿಚರ್ಡ್ ರಿಚ್ ಸಾಕ್ಷಿ ಹೇಳಿದ, 1535ರ ಜುಲೈ 6ರಂದು ತಲೆ ಹೋಯಿತು. ‘ನನ್ನ ಪಾತ್ರ ಬಾಯಿ ಬಿಡುವುದಿಲ್ಲ’ ಎಂಬ ಉಪಾಯ ಇಲ್ಲಿ ನಡೆಯದು.

ಊರು ಮನೆ ಇಲ್ಲದ ಕಾಲಯಾನಿಗೆ ಇಲ್ಲಿ ಸುಲಭದ ದಾರಿ ಎಂದರೆ ರಾಜನ ಕಡೆಯವರು ಕೇಳಿದ ಆಣೆ ಇಟ್ಟುಬಿಡುವುದು. ಲಂಡನ್ನಿನಲ್ಲಿ ಅದು ಸಾಕು. ಆದರೆ ಅವಳನ್ನು 1536ರ ಅಕ್ಟೋಬರಿನಲ್ಲಿ ಉತ್ತರಕ್ಕೆ ಇಳಿಸಿ ನೋಡಿ. ವರ್ಷಕ್ಕೆ 200 ಪೌಂಡಿಗಿಂತ ಕಡಿಮೆ ಆದಾಯದ ಮಠಗಳನ್ನು ಮುಚ್ಚುವ ಕಾನೂನು ಅದೇ ವರ್ಷ ಬಂದಿತ್ತು. ಅಕ್ಟೋಬರಿನ ಮೊದಲ ದಿನಗಳಲ್ಲೇ ಲಿಂಕನ್‌ಶೈರಿನ ಲೌತ್ ಊರು ದಂಗೆಯೆದ್ದಿತು. ಯಾರ್ಕ್‌ಶೈರಿನಲ್ಲಿ ವಕೀಲ ರಾಬರ್ಟ್ ಆಸ್ಕ್ ಮುಂದೆ ನಿಂತ. ಯೇಸುವಿನ ಐದು ಗಾಯಗಳ ಬಾವುಟ ಹಿಡಿದು 30,000ಕ್ಕೂ ಮಿಕ್ಕಿ ಜನ ಡಾಂಕಾಸ್ಟರಿನ ಹತ್ತಿರ ಸೇರಿದರು. ಅವರದ್ದೂ ಒಂದು ಆಣೆ ಇತ್ತು, ದಾರಿಯಲ್ಲಿ ಸಿಕ್ಕವರಿಗೆಲ್ಲ ಇಡಿಸುತ್ತಿದ್ದರು. ಇಡದಿದ್ದರೆ ಅಂದೇ ಮನೆ ಲೂಟಿ. ಇಟ್ಟರೆ ಮುಂದಿನ ವರ್ಷ ನೇಣು. ಅತ್ತ ದರಿ, ಇತ್ತ ಪುಲಿ.

ರಾಜನ ಕಡೆ ನಾರ್ಫೋಕಿನ ಡ್ಯೂಕನ ಸೈನ್ಯ ದಂಗೆಕೋರರ ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ಆದ್ದರಿಂದ ಮಾತುಕತೆ, ಡಿಸೆಂಬರಿನಲ್ಲಿ ಕ್ಷಮಾಪಣೆ, ಜನ ಮನೆಗೆ ಹೋದರು. 1537ರ ಆರಂಭದಲ್ಲಿ ಇನ್ನೊಂದು ಸಣ್ಣ ದಂಗೆಯಾದದ್ದೇ ನೆಪವಾಗಿ ಕ್ಷಮೆ ಮುರಿದುಬಿತ್ತು. ಜುಲೈಯಲ್ಲಿ ಆಸ್ಕ್‌ನನ್ನು ಯಾರ್ಕಿನಲ್ಲಿ ಸರಪಳಿಯಲ್ಲಿ ತೂಗಿದರು. ಕಥೆಯ ದೃಷ್ಟಿಯಿಂದ ನಾಲ್ಕರಲ್ಲಿ ನಮ್ಮ ಆಯ್ಕೆ ಇದೇ. ಡಿಸೆಂಬರಿನ ಆ ಕ್ಷಮಾಪಣೆಯನ್ನು ಊರೆಲ್ಲ ನಂಬಿ ಕುಣಿಯುವಾಗ ಅದು ಮುರಿಯುತ್ತದೆಂದು ಗೊತ್ತಿರುವುದು ನಿಮ್ಮ ಪಾತ್ರಕ್ಕೊಬ್ಬಳಿಗೇ. ಆದರೆ ಅದನ್ನು ಹೇಳಬಹುದೇ?

ಭವಿಷ್ಯ ಗೊತ್ತಿರುವುದೇ ಅಪರಾಧ

ಹೇಳಬಾರದು. ಕೆಂಟ್ ಸೀಮೆಯ ಎಲಿಜಬೆತ್ ಬಾರ್ಟನ್ ಎಂಬ ಮನೆಗೆಲಸದ ಹುಡುಗಿ, ಮುಂದೆ ಸಂನ್ಯಾಸಿನಿಯಾದವಳು, ರಾಜ ಆನ್ ಬೊಲಿನ್‌ಳನ್ನು ಮದುವೆಯಾದರೆ ಹೆಚ್ಚು ದಿನ ರಾಜನಾಗಿರುವುದಿಲ್ಲ ಎಂದು ಭವಿಷ್ಯ ನುಡಿದಳು. 1534ರ ಏಪ್ರಿಲ್ 20ರಂದು ಟೈಬರ್ನ್‌ನಲ್ಲಿ ಗಲ್ಲಾಯಿತು. ಅವಳ ಭವಿಷ್ಯ ಸುಳ್ಳಾಗಿತ್ತು. ನಿಜವಾಗಿದ್ದರೂ ಶಿಕ್ಷೆ ಕಡಿಮೆಯಾಗುತ್ತಿರಲಿಲ್ಲ. ರಾಜನ ಸಾವಿನ ತಾರೀಖು ಬಾಯಿಗೆ ಬಂದರೆ ಅದನ್ನು ಬಯಸಿದಂತೆಯೇ ಎಂದು ಅಂದಿನ ತರ್ಕ. 1581ರಲ್ಲಿ ಎಲಿಜಬೆತ್ ರಾಣಿ ಎಷ್ಟು ದಿನ ಬದುಕುತ್ತಾಳೆ, ಅವಳ ನಂತರ ಯಾರು ಎಂದು ಕುಂಡಲಿ ಹಾಕಿ ನೋಡುವುದನ್ನೂ ಕಾನೂನು ಮರಣದಂಡನೆಯ ಅಪರಾಧ ಮಾಡಿತು. ‘ಜೇಮ್ಸ್ ಬರ್ತಾನೆ’ ಎಂದು ಪಿಸುಗುಟ್ಟಿದರೂ ಮುಗಿಯಿತು.

ಮಾಟದ ಆರೋಪದ ಲೆಕ್ಕ ಬೇರೆ, ಅದು ಇಸವಿ ಆರಿಸುವವರಿಗೆ ತುಂಬಾ ಉಪಯೋಗದ್ದು. ಮಾಟದ ವಿರುದ್ಧ ಮೊದಲ ಕಾನೂನು 1542ರಲ್ಲಿ ಬಂತು, 1547ರಲ್ಲಿ ರದ್ದಾಯಿತು, ಹೊಸದು ಬಂದದ್ದು 1563ರಲ್ಲಿ. ಎಂದರೆ ಎಡ್ವರ್ಡ್ ಮತ್ತು ಮೇರಿಯ ಕಾಲದುದ್ದಕ್ಕೂ ರಾಜನ ಕೋರ್ಟಿನಲ್ಲಿ ಮಾಟದ ಕಾನೂನೇ ಇರಲಿಲ್ಲ. ಪಾತ್ರದ ಕೈಯಲ್ಲಿ ಮೊಬೈಲ್ ಬೆಳಗಲೇಬೇಕೆಂದಿದ್ದರೆ ಆ 16 ವರ್ಷಗಳಲ್ಲಿ ಬೆಳಗಲಿ. ಊರಿನವರು ಹೆದರಿಯಾರು, ಚರ್ಚಿನ ಕೋರ್ಟಿಗೆ ಎಳೆದಾರು, ನೇಣಿಗೆ ದಾರಿಯಿಲ್ಲ. ಇನ್ನೊಂದು: ಇಂಗ್ಲೆಂಡಿನಲ್ಲಿ ಮಾಟಗಾತಿಯರೆಂದು ಹೆಸರಿಟ್ಟವರನ್ನು ಗಲ್ಲಿಗೇರಿಸುತ್ತಿದ್ದರು. ಸುಡುತ್ತಿದ್ದುದು ಪಾಷಂಡಮತದವರನ್ನು, ಮತ್ತು ರಾಜದ್ರೋಹ ಮಾಡಿದ ಹೆಂಗಸರನ್ನು.

1549: ಭಾಷೆಯ ಜಗಳ

ಕನ್ನಡದ ಓದುಗರಿಗೆ ಬೇಗ ತಟ್ಟುವ ವರ್ಷ ಇದು, ಏಕೆಂದರೆ ಇಲ್ಲಿ ಜಗಳ ದೇವರೊಂದಿಗೆ ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬುದರದ್ದೂ ಹೌದು. ಜೂನ್ 9ರ ಭಾನುವಾರ, ಪೆಂತೆಕೋಸ್ತ್ ಹಬ್ಬದಂದು ದೇಶವಿಡೀ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಜಾರಿಗೆ ಬಂತು. ಮರುದಿನ ಡೆವನ್‌ನ ಸ್ಯಾಂಪ್‌ಫರ್ಡ್ ಕೋರ್ಟ್ನಿ ಎಂಬ ಹಳ್ಳಿಯವರು ಪಾದ್ರಿಗೆ ಹಳೆಯ ಪೂಜಾವಸ್ತ್ರ ತೊಡಿಸಿ ಲ್ಯಾಟಿನ್ನಿನಲ್ಲೇ ಪೂಜೆ ಮಾಡಿಸಿದರು. ಕಾರ್ನ್‌ವಾಲಿನವರೂ ಸೇರಿಕೊಂಡರು. ನಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬಾರದು, ಈ ಹೊಸ ಪೂಜೆ ಕ್ರಿಸ್‌ಮಸ್ ಆಟದಂತಿದೆ ಎಂದು ಅವರ ಬೇಡಿಕೆಪತ್ರದಲ್ಲಿತ್ತು. ಜುಲೈ 2ರಿಂದ ಆಗಸ್ಟ್ 6ರವರೆಗೆ ಎಕ್ಸೆಟರ್ ಪಟ್ಟಣಕ್ಕೆ ಮುತ್ತಿಗೆ ಹಾಕಿದರು. ರಾಜನ ಕಡೆಯ ಲಾರ್ಡ್ ರಸೆಲ್ ಜರ್ಮನ್ ಮತ್ತು ಇಟಾಲಿಯನ್ ಬಾಡಿಗೆ ಸೈನಿಕರನ್ನು ಕರೆತಂದು ಮುರಿದ. ದಂಗೆಯ ಜತೆ ನಿಂತ ಪಾದ್ರಿ ರಾಬರ್ಟ್ ವೆಲ್ಷ್ ಅವರನ್ನು ಅವರ ಚರ್ಚಿನ ಗೋಪುರದಿಂದಲೇ ತೂಗಿದರು: ಮೈಮೇಲೆ ಪೂಜಾವಸ್ತ್ರ, ಪಕ್ಕದಲ್ಲಿ ತೀರ್ಥದ ಬಕೆಟ್ಟು, ಗಂಟೆ, ಜಪಸರ.

ಅದೇ ಬೇಸಿಗೆಯಲ್ಲಿ ದೇಶದ ಇನ್ನೊಂದು ತುದಿಯ ನಾರ್ವಿಚ್‌ನಲ್ಲಿ ರಾಬರ್ಟ್ ಕೆಟ್‌ನ ದಂಗೆ. ಅವರದ್ದು ಬೇಲಿ ಹಾಕಿ ಕಸಿದ ಗೋಮಾಳದ ಸಿಟ್ಟು. ಅವರ ಶಿಬಿರದಲ್ಲಿ ಓದುತ್ತಿದ್ದುದು ಮಾತ್ರ ಅದೇ ಹೊಸ ಇಂಗ್ಲಿಷ್ ಪುಸ್ತಕ. ಯಾನಿಯನ್ನು ತಪ್ಪು ದಂಗೆಗೆ ಇಳಿಸಿ, ಬಾಯಲ್ಲಿ ತಪ್ಪು ಭಾಷೆಯ ಪ್ರಾರ್ಥನೆ ಬರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಸಂಖ್ಯೆಯ ಲೆಕ್ಕದಲ್ಲಿ ಒಂಟಿ ಮನುಷ್ಯನಿಗೆ ಸಮಾಧಾನದ ಕಾಲ ಇದು. ಎಡ್ವರ್ಡನ ಆಳ್ವಿಕೆಯಲ್ಲಿ ಪಾಷಂಡಮತಕ್ಕೆ ಸುಟ್ಟದ್ದು ಇಬ್ಬರನ್ನು, ಇಬ್ಬರೂ ಕ್ಯಾಥೊಲಿಕರಲ್ಲ. ಆದರೆ ಧರ್ಮಕ್ಕೆ ಸಂಬಂಧವಿಲ್ಲದ ಒಂದು ಗುಂಡಿ ಇದೆ. 1547ರ ಅಲೆಮಾರಿಗಳ ಕಾನೂನಿನ ಪ್ರಕಾರ ಮೈಯಲ್ಲಿ ಶಕ್ತಿ ಇದ್ದೂ ಮೂರು ದಿನ ಕೆಲಸವಿಲ್ಲದೆ ತಿರುಗುವವನ ಎದೆಗೆ ‘ವಿ’ ಅಕ್ಷರದ ಬರೆ ಹಾಕಿ, ಹಿಡಿದುಕೊಟ್ಟವನಿಗೆ ಎರಡು ವರ್ಷ ಗುಲಾಮನಾಗಿ ಒಪ್ಪಿಸಬಹುದಿತ್ತು. ಇದು ಅತಿಯಾಯಿತೆಂದು ಎರಡೇ ವರ್ಷದಲ್ಲಿ ಕೈಬಿಟ್ಟರು. ಮೊದಲಾದರೆ ದಾರಿಹೋಕನಿಗೆ ಮಠದಲ್ಲಿ ಒಂದು ರಾತ್ರಿ ಜಾಗ, ಒಂದು ಹೊತ್ತಿನ ಗಂಜಿ ಸಿಗುತ್ತಿತ್ತು. 1540ರ ಹೊತ್ತಿಗೆ ಕೊನೆಯ ಮಠವೂ ಮುಚ್ಚಿತ್ತು. ಯಂತ್ರ ಕೆಟ್ಟು ಅಲೆಯುವ ನಾಯಕ ಮೂರನೇ ದಿನದೊಳಗೆ ಯಾರ ಬಳಿಯಾದರೂ ಕೂಲಿಗೆ ಸೇರಲಿ.

1555–58: ಎಲ್ಲರೂ ಆರಿಸುವ ವರ್ಷಗಳು

ಮೇರಿ ರಾಣಿ ಪೋಪನ ಧರ್ಮವನ್ನು ವಾಪಸ್ ತಂದು ಸುಮಾರು 280 ಜನರನ್ನು ಸುಟ್ಟ ಕಾಲ, ಅದರಲ್ಲಿ 50ಕ್ಕೂ ಹೆಚ್ಚು ಹೆಂಗಸರು. ಬಿಷಪ್ಪರ ಹೆಸರುಗಳೇ ಪುಸ್ತಕಗಳಲ್ಲಿ ದೊಡ್ಡದಾಗಿ ಕಂಡರೂ ಸತ್ತವರಲ್ಲಿ ಬಹುಪಾಲು ನೇಕಾರರು, ಕೂಲಿಗಳು, ವಿಧವೆಯರು. ಸುಟ್ಟದ್ದು ಹೆಚ್ಚಾಗಿ ಲಂಡನ್, ಎಸೆಕ್ಸ್, ಕೆಂಟ್, ಸಸೆಕ್ಸ್ ಕಡೆ. ಉತ್ತರದಲ್ಲಿ ಮೂಲೆಮೂಲೆಗೂ ಚಿತೆ ಉರಿಸಿದ ಕಥೆ ಬರೆದರೆ ಓದಿಕೊಂಡವರು ಪುಸ್ತಕ ಮುಚ್ಚಿಡುತ್ತಾರೆ.

ಸಿಕ್ಕಿಬೀಳುವುದು ಹೀಗೆ. ಪಾದ್ರಿ ರೊಟ್ಟಿಯನ್ನು ಎತ್ತಿ ಹಿಡಿದಾಗ ಎಲ್ಲರೂ ತಲೆಯೆತ್ತಿ ನೋಡಬೇಕು. ಕಂಬದ ಮರೆಗೆ ಸರಿದವರನ್ನು, ನೆಲ ನೋಡುತ್ತ ಕೂತವರನ್ನು ಪಕ್ಕದವರೇ ದೂರುತ್ತಿದ್ದರು. ಆಮೇಲೆ ಬಿಷಪ್ಪನ ಮುಂದೆ ಒಂದೇ ಪ್ರಶ್ನೆಯನ್ನು ಹತ್ತು ವೇಷದಲ್ಲಿ ಕೇಳುತ್ತಾರೆ: ಮಂತ್ರವಾದ ಮೇಲೆ ಅಲ್ಲಿರುವುದು ರೊಟ್ಟಿಯೋ, ಕ್ರಿಸ್ತನ ಶರೀರವೋ? ತಪ್ಪೊಪ್ಪಿಕೊಂಡರೆ ಸೌದೆಹೊರೆ ಹೊತ್ತು ಪ್ರಾಯಶ್ಚಿತ್ತ ಮಾಡಿ ಮನೆಗೆ ಹೋಗಬಹುದು, ಅವಕಾಶ ಒಂದಲ್ಲ ಹಲವು ಸಲ ಕೊಡುತ್ತಿದ್ದರು. ಒಪ್ಪದಿದ್ದರೆ ಚರ್ಚು ತಾನು ಕೊಲ್ಲುವುದಿಲ್ಲ, ಶೆರೀಫನಿಗೆ ಒಪ್ಪಿಸುತ್ತದೆ.

ಚಿತೆಯ ದೃಶ್ಯ ಬರೆಯುವವರು ಸೌದೆಯ ಲೆಕ್ಕ ತಿಳಿದಿರಬೇಕು. 1555ರ ಫೆಬ್ರವರಿ 9ರಂದು ಗ್ಲಾಸ್ಟರಿನಲ್ಲಿ ಬಿಷಪ್ ಹೂಪರ್ ಅವರಿಗೆ ತಂದದ್ದು ಹಸಿ ಸೌದೆ, ಮೇಲಿಂದ ಗಾಳಿ. ಮೂರು ಸಲ ಹೊತ್ತಿಸಬೇಕಾಯಿತು. ಬೇಗ ಸಾಯಲೆಂದು ಕಟ್ಟಿದ್ದ ಸಿಡಿಮದ್ದಿನ ಚೀಲಗಳೂ ಕೆಲಸ ಮಾಡಲಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ಅಕ್ಟೋಬರ್ 16ರಂದು ಆಕ್ಸ್‌ಫರ್ಡಿನಲ್ಲಿ ಇನ್ನಿಬ್ಬರು ಬಿಷಪ್ಪರಲ್ಲಿ ಲ್ಯಾಟಿಮರ್ ಬೇಗ ಹೋದರು, ರಿಡ್ಲಿ ಕಡೆ ಸೌದೆಯನ್ನು ಎತ್ತರಕ್ಕೆ ಒತ್ತೊತ್ತಾಗಿ ಪೇರಿಸಿದ್ದರು. ಗಾಳಿಯಾಡದೆ ಬೆಂಕಿ ಅಡಿಯಲ್ಲೇ ಕನಲಿತು, ಕಾಲು ಬೆಂದರೂ ಜೀವ ಹೋಗಲಿಲ್ಲ. ನೋವು ಕಡಿಮೆಯಾಗಲೆಂದು ಭಾವಮೈದುನ ಇನ್ನಷ್ಟು ಸೌದೆ ಹೇರಿದ, ಅದರಿಂದ ಇನ್ನೂ ಕೆಟ್ಟಿತು. ಯಾರೋ ಮೇಲಿನ ಹೊರೆಗಳನ್ನು ಎಳೆದ ಮೇಲೆ ಉರಿ ಮೇಲೆದ್ದು ಕೊರಳ ಮದ್ದಿಗೆ ತಗುಲಿತು. ಅನ್ನದ ಒಲೆ ಉರಿಸಿದ ಯಾರಿಗಾದರೂ ಅಲ್ಲಿ ಏನು ತಪ್ಪಾಯಿತೆಂದು ಗೊತ್ತಾಗುತ್ತದೆ. ನಿಮ್ಮ ಪಾತ್ರಕ್ಕೂ ಗೊತ್ತಾಗಲಿ, ಆದರೆ ಗುಂಪಿನ ಹಿಂದೆ ನಿಂತಿರಲಿ.

ಈ ಕಾಲದ ಕಥೆಯ ಕಷ್ಟ ಎಂದರೆ ಗಡಿಯಾರ ತೀರಾ ಸ್ಪಷ್ಟವಾಗಿರುವುದು. ಮೇರಿ 1558ರ ನವೆಂಬರ್ 17ರಂದು ಸಾಯುತ್ತಾಳೆ; ಕ್ಯಾಂಟರ್ಬರಿಯಲ್ಲಿ ಕೊನೆಯ ಐವರನ್ನು ಸುಟ್ಟದ್ದು ಅದೇ ತಿಂಗಳು. ‘ಇನ್ನೊಂದು ವಾರ ತಡೆದುಕೊಳ್ಳಿ’ ಎನ್ನುವ ಕಾಲಯಾನಿಯನ್ನು ಬಹಳ ಜನ ಬರೆದಾಯಿತು. ಇದೇ ಬೇಕೆಂದರೆ ಅವನನ್ನು ಸೆರೆಮನೆಯ ಬೀಗದ ಕೈ ಹಿಡಿದವನ ಮನೆಯಲ್ಲಿ ಬಾಡಿಗೆಗಿಡಿ. ಬಲಿಯಾದವರ ಕಣ್ಣಿಗಿಂತ ಅಲ್ಲಿಂದ ಹೊಸದೇನಾದರೂ ಕಂಡೀತು.

1581ರ ನಂತರ: ದುಡ್ಡು, ಗೋಡೆ, ಬಾಗಿಲು

ಎಲಿಜಬೆತ್ ರಾಣಿ ಕ್ಯಾಥೊಲಿಕರನ್ನು ಸುಟ್ಟಳು ಎಂದು ಬರೆಯಬೇಡಿ. ಅವಳ ಸರ್ಕಾರ ಅವರನ್ನು ರಾಜದ್ರೋಹಿಗಳೆಂದು ಕೊಂದಿತು, ಆ ವ್ಯತ್ಯಾಸದ ಮೇಲೇ ಅವಳ ಇಡೀ ವಾದ ನಿಂತಿತ್ತು. ಸಾಮಾನ್ಯರಿಗೆ ಮೊದಲು ತಗುಲುವುದು ದಂಡ. 1559ರಿಂದ ಭಾನುವಾರ ಚರ್ಚಿಗೆ ಬಾರದಿದ್ದರೆ 12 ಪೆನ್ನಿ, ಕೂಲಿಯವನ ಒಂದೂವರೆ ದಿನದ ದುಡಿಮೆ. 1581ರಿಂದ ಅದು 16 ವರ್ಷ ಮೀರಿದವರಿಗೆ ತಿಂಗಳಿಗೆ 20 ಪೌಂಡು. ಪೌಂಡಿಗೆ 20 ಶಿಲ್ಲಿಂಗು, ಶಿಲ್ಲಿಂಗಿಗೆ 12 ಪೆನ್ನಿ. ಒಟ್ಟು 4,800 ಪೆನ್ನಿ. ದಿನಕ್ಕೆ 8 ಪೆನ್ನಿ ದುಡಿಯುವವನಿಗೆ 600 ದಿನದ ಕೂಲಿ. ಆದ್ದರಿಂದ ಎಷ್ಟೋ ಮನೆಗಳಲ್ಲಿ ಗಂಡ ಚರ್ಚಿಗೆ ಹೋಗಿ ಮುಖ ತೋರಿಸಿ ಬರುತ್ತಿದ್ದ, ಹೆಂಡತಿ ಮನೆಯಲ್ಲೇ ಉಳಿಯುತ್ತಿದ್ದಳು. ಗಂಡನುಳ್ಳ ಹೆಂಗಸಿನ ಹೆಸರಲ್ಲಿ ಆಸ್ತಿಯೇ ಇರದಿದ್ದುದರಿಂದ ದಂಡ ವಸೂಲಿ ಕಷ್ಟ.

1585ರ ಕಾನೂನು ವಿದೇಶದಲ್ಲಿ ದೀಕ್ಷೆ ಪಡೆದ ಪಾದ್ರಿಗಳು 40 ದಿನದಲ್ಲಿ ದೇಶ ಬಿಡಬೇಕೆಂದಿತು. ಉಳಿದರೆ ರಾಜದ್ರೋಹ, ಅವರಿಗೆ ಆಸರೆ ಕೊಟ್ಟರೂ ಗಲ್ಲು. ಮಾರ್ಗರೆಟ್ ಕ್ಲಿದರೋ ಸಿಕ್ಕಿಬಿದ್ದದ್ದು ಇದರಡಿ. ಗಂಡ ಕಸಾಯಿ, ರಾಜಧರ್ಮಕ್ಕೆ ಹೊಂದಿಕೊಂಡವನು. ಕೋರ್ಟಿನಲ್ಲಿ ‘ತಪ್ಪಿತಸ್ಥಳು’ ಅಥವಾ ‘ಅಲ್ಲ’ ಎನ್ನಲು ಆಕೆ ನಿರಾಕರಿಸಿದರು. ಎಂದಿದ್ದರೆ ವಿಚಾರಣೆ ನಡೆದು ಮಕ್ಕಳನ್ನೇ ಸಾಕ್ಷಿಗೆ ಎಳೆಯುತ್ತಿದ್ದರು. ಉತ್ತರ ಕೊಡದವರಿಗೆ ಕಾನೂನಿನಲ್ಲಿದ್ದದ್ದು ಒತ್ತಿ ಕೊಲ್ಲುವ ಶಿಕ್ಷೆ. ಬೆನ್ನಡಿಗೆ ಚೂಪು ಕಲ್ಲು, ಮೈಮೇಲೆ ಒಂದು ಬಾಗಿಲು, ಅದರ ಮೇಲೆ ಸುಮಾರು 350ರಿಂದ 400 ಕಿಲೋ ಭಾರ. ಕಾಲು ಗಂಟೆ. ‘ಮೌನವಾಗಿರುವ ಹಕ್ಕು’ ಎಂದು ಈ ಕಾಲದ ಕೋರ್ಟಿನಲ್ಲಿ ಹೇಳುವ ಪಾತ್ರಕ್ಕೆ ಕಾದಿರುವುದು ಆ ಬಾಗಿಲು.

ಪಾದ್ರಿಗಳ ಅಡಗುತಾಣಗಳ ಕಥೆ ಬೇಕೆಂದರೆ ಬಡಗಿ ನಿಕೊಲಸ್ ಓವನ್‌ನ ಕೆಲಸ ನೋಡಿ. ಹುಡುಕಲು ಬರುವವರು ಕೋಣೆಯನ್ನು ಒಳಗೂ ಹೊರಗೂ ಅಳೆಯುತ್ತಿದ್ದರು. ಎರಡು ಅಳತೆಗೂ ನಡುವೆ ಗೋಡೆಯ ದಪ್ಪಕ್ಕಿಂತ ಹೆಚ್ಚು ಅಂತರ ಬಂದರೆ ಅಲ್ಲಿ ಒಡೆಯುತ್ತಿದ್ದರು. ಆದ್ದರಿಂದ ಜಾಣರು ಅಳತೆಗೆ ಸಿಗದ ಕಡೆ ಕೊರೆದರು: ಮೆಟ್ಟಿಲ ಅಡಿ, ಹೊಗೆಗೂಡಿನ ಪಕ್ಕ, ಕಕ್ಕಸಿನ ಕೊಳವೆ. 1591ರ ಅಕ್ಟೋಬರಿನಲ್ಲಿ ವಾರಿಕ್‌ಶೈರಿನ ಬ್ಯಾಡೆಸ್ಲಿ ಕ್ಲಿಂಟನ್ ಮನೆಯಲ್ಲಿ ಯೇಸುಸಭೆಯ (ಜೆಸ್ಯೂಟ್) ಪಾದ್ರಿಗಳು ನಾಲ್ಕು ಗಂಟೆ ಕಾಲ ಹಳೆಯ ಚರಂಡಿಯ ನೀರಿನಲ್ಲಿ ಕಾಲಿಟ್ಟು ನಿಂತು ಉಳಿದುಕೊಂಡರು. ಕೆಮ್ಮು ಇರುವ ಪಾತ್ರವನ್ನು ಅಲ್ಲಿ ನಿಲ್ಲಿಸಿದರೆ ಬೇರೆ ರೋಚಕತೆ ಬೇಕಿಲ್ಲ.

ನಾಣ್ಯ, ಊಟ, ಮಾತು

ನಾಣ್ಯ ಸಂಗ್ರಹದಿಂದ ಕದ್ದ ಹೊಳೆಯುವ ನಾಣ್ಯ ಕೊಟ್ಟು ಕಳಿಸಬೇಡಿ. ಹೆನ್ರಿಯ ಕೊನೆಯ ವರ್ಷಗಳ ಬೆಳ್ಳಿ ನಾಣ್ಯಕ್ಕೆ ತಾಮ್ರ ಬೆರೆಸಿದ್ದರು. ನಾಲ್ಕು ಕೈ ದಾಟುವಷ್ಟರಲ್ಲಿ ರಾಜನ ಉಬ್ಬುಮೂಗು ಸವೆದು ಕೆಂಪಾಗುತ್ತಿತ್ತು, ಜನ ‘ತಾಮ್ರಮೂಗ’ ಎನ್ನುತ್ತಿದ್ದರು. ಮೇರಿ ಮತ್ತು ಅವಳ ಗಂಡ ಫಿಲಿಪ್ ಮುಖಾಮುಖಿ ಇರುವ ಶಿಲ್ಲಿಂಗನ್ನು 1549ರಲ್ಲಿ ತೆಗೆದರೆ ಪ್ರಶ್ನೆ ಧರ್ಮದ್ದಲ್ಲ, ಖೋಟಾ ನಾಣ್ಯದ್ದು, ಅದೂ ರಾಜದ್ರೋಹವೇ. ಮಾಂಸ ತಿನ್ನದ ಪಾತ್ರಕ್ಕೆ ಈಸ್ಟರಿಗೆ ಮುಂಚಿನ ಉಪವಾಸದ 40 ದಿನ ಒಳ್ಳೆಯ ಮರೆ; ಆಗ ಅನುಮಾನ ಬರುತ್ತಿದ್ದುದು ತಿಂದವರ ಮೇಲೆ. ಬಟಾಣಿ ಗಂಜಿ, ಬ್ರೆಡ್ಡು, ತೆಳು ಬಿಯರ್‌ನಲ್ಲಿ ದಿನ ತಳ್ಳಬಹುದು.

ಮಾತಿನಲ್ಲಿ ಮಾತ್ರ ಕನ್ನಡದವರಿಗೆ ಪುಕ್ಕಟೆ ಲಾಭ. ಅಂದಿನ ಇಂಗ್ಲಿಷಿನಲ್ಲಿ ‘ನೀನು’ ಬೇರೆ, ‘ನೀವು’ ಬೇರೆ ಇತ್ತು. ಇಂದಿನ ಇಂಗ್ಲಿಷಿನಲ್ಲಿ ಬರೆಯುವವರು ಒದ್ದಾಡುವುದು ನಮಗೆ ತಾನಾಗಿ ಬರುತ್ತದೆ. ಬಿಷಪ್ ನೇಕಾರನನ್ನು ‘ನೀನು’ ಎನ್ನಲಿ. ನೇಕಾರ ಕೊನೆಯ ಪ್ರಶ್ನೆಯಲ್ಲಿ ಬಿಷಪ್ಪನನ್ನು ‘ನೀನು’ ಎಂದರೆ ಕೋಣೆ ಸ್ತಬ್ಧವಾಗುತ್ತದೆ.

ಕರ್ನಾಟಕದಿಂದ ಹೋದ ಪಾತ್ರ

ಕಂದು ಮೈಬಣ್ಣದವರನ್ನು ಅಲ್ಲಿ ‘ಮೂರ್’ ಎಂದು ಕರೆದಾರು, ಅದೇ ಅಪಾಯವಲ್ಲ. ಅಪಾಯ ‘ನೀನು ಕ್ರೈಸ್ತನೋ?’ ಎಂಬ ಪ್ರಶ್ನೆಗೆ ಭಯದಿಂದ ‘ಹೌದು’ ಎನ್ನುವುದರಲ್ಲಿದೆ. ಚರ್ಚಿನ ನಿಯಮದಂತೆ ಪಾಷಂಡಮತದ ಆರೋಪ ದೀಕ್ಷಾಸ್ನಾನ ಆದವರಿಗೆ ಮಾತ್ರ ತಗುಲುತ್ತದೆ. ಆಗದವನು ಅನ್ಯಧರ್ಮದವನು, ಮತಾಂತರಿಸಲು ನೋಡುತ್ತಾರೆ, ಸುಡಲು ಕಾನೂನಿಲ್ಲ. ಸುಳ್ಳು ಹೇಳಿದ ಮರುಗಳಿಗೆಯಿಂದ ಆ ರೊಟ್ಟಿಯ ಪ್ರಶ್ನೆ ಅವನಿಗೂ ಅನ್ವಯ. ರಾಜದ್ರೋಹದ ಕಾನೂನಾದರೋ ಎಲ್ಲರಿಗೂ ಒಂದೇ.

ಅವನಿಗೆ ಊರಿನ ನಂಟು ಸಿಗುವ ವರ್ಷವೂ ಒಂದಿದೆ. ಎಲಿಜಬೆತ್ ಕಾಲದ ಇಂಗ್ಲೆಂಡ್ ಬಿಟ್ಟು ಯೇಸುಸಭೆ ಸೇರಿದ ಥಾಮಸ್ ಸ್ಟೀಫನ್ಸ್ 1579ರಲ್ಲಿ ಗೋವಾಕ್ಕೆ ಬಂದರು, ಕೊಂಕಣಿ ಕಲಿತು ವ್ಯಾಕರಣ ಬರೆದರು, ಮರಾಠಿಯ ಓವಿ ಛಂದಸ್ಸಿನಲ್ಲಿ ‘ಕ್ರಿಸ್ತಪುರಾಣ’ ಬರೆದರು. ಅದನ್ನು 1907ರಲ್ಲಿ ಮಂಗಳೂರಿನಲ್ಲಿ ಮತ್ತೆ ಅಚ್ಚು ಹಾಕಿದರು. 1583ರಲ್ಲಿ ಪೋರ್ಚುಗೀಸರು ಸೆರೆಹಿಡಿದು ಗೋವಾಕ್ಕೆ ತಂದ ಇಂಗ್ಲಿಷ್ ವ್ಯಾಪಾರಿಗಳಿಗೆ ಜಾಮೀನು ಸಿಗಲು ನೆರವಾದವರಲ್ಲಿ ಇವರೂ ಒಬ್ಬರು. ತಾಯ್ನಾಡಿನಲ್ಲಿ ಇಳಿದರೆ ಸೀಳಿಸಿಕೊಳ್ಳಬೇಕಾದ ಪಾದ್ರಿ, ಆ ರಾಣಿಯ ಪ್ರಜೆಗಳಿಗೆ ಇಲ್ಲಿ ಆಸರೆ. ಅವರಲ್ಲಿ ರಾಲ್ಫ್ ಫಿಚ್ ಮುಂದಿನ ವರ್ಷ ತಪ್ಪಿಸಿಕೊಂಡು ಬೆಳಗಾವಿ, ಬಿಜಾಪುರ ದಾಟಿ ಗೋಲ್ಕೊಂಡಕ್ಕೆ ಹೋದ, ಇನ್ನೂ ಪೂರ್ವಕ್ಕೆ ಸುತ್ತಿ 1591ರಲ್ಲಿ ಲಂಡನ್ ಸೇರಿದ. ಆ ವರ್ಷ ಲಂಡನ್ನಿನಲ್ಲಿ ಸಿಕ್ಕಿಬಿದ್ದ ನಿಮ್ಮ ಪಾತ್ರ ಅವನ ಬಾಗಿಲು ತಟ್ಟಿ ಬೆಳಗಾವಿಯ ಹೆಸರೆತ್ತಿದರೆ, ನೀನು ಪೋಪನ ಕಡೆಯೋ ರಾಣಿಯ ಕಡೆಯೋ ಎಂದು ಕೇಳುವ ಮೊದಲು ಅವನು ಮೆಣಸಿನ ಧಾರಣೆ ಕೇಳಿಯಾನು.